ಮೀನಿಗಿದ್ದ ಮರೆಗಳು



1376ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನಿಗೆ ಅಲ್ಲಿನ ಪಾರ್ಲಿಮೆಂಟು ಒಂದು ಅಹವಾಲು ಸಲ್ಲಿಸಿತು. ಕೆಲವು ವರ್ಷಗಳಿಂದ ಮೀನುಗಾರರು ಹೊಸ ಬಗೆಯ ಬಲೆಯೊಂದನ್ನು ಎಳೆಯುತ್ತಿದ್ದಾರೆ, ಅದಕ್ಕೆ ಕಟ್ಟಿದ ಕಬ್ಬಿಣ ನೀರಡಿಯ ನೆಲವನ್ನು ಒತ್ತಿಕೊಂಡು ಹೋಗುತ್ತದೆ, ಅಲ್ಲಿ ಬೆಳೆದ ಸಸ್ಯಗಳನ್ನೂ ಚಿಪ್ಪಿನ ಮರಿಗಳನ್ನೂ ಕೆಡಿಸುತ್ತದೆ ಎಂಬುದು ದೂರು. ಬಲೆಯ ಕಣ್ಣು ತೀರ ಸಣ್ಣದಾದ್ದರಿಂದ ಹೊಕ್ಕ ಮರಿಮೀನು ಹೊರಗೆ ಬರುವಂತಿಲ್ಲ; ರಾಶಿ ಬಿದ್ದ ಆ ಮರಿಗಳನ್ನು ಏನು ಮಾಡುವುದೆಂದು ತೋಚದೆ ಹಂದಿಗಳಿಗೆ ಹಾಕಿ ಕೊಬ್ಬಿಸುತ್ತಿದ್ದಾರೆ ಎಂದೂ ಆ ಅಹವಾಲಿನಲ್ಲಿತ್ತು. ಆ ಬಲೆಯನ್ನು ಎಳೆಯುತ್ತಿದ್ದುದು ಹಾಯಿದೋಣಿ. ಎಂಜಿನ್ ಬರಲು ಇನ್ನೂ ಕೆಲವು ಶತಮಾನಗಳಿದ್ದವು.

ಸುಮಾರು 650 ವರ್ಷ ಹಳೆಯ ಈ ದೂರಿನ ಒಂದೊಂದು ಮಾತನ್ನೂ ಇವತ್ತು ಮಲ್ಪೆಯ ದಕ್ಕೆಯಲ್ಲಿ, ಮಂಗಳೂರಿನಲ್ಲಿ, ಗಂಗೊಳ್ಳಿಯಲ್ಲಿ ನಿಂತು ಹೇಳಬಹುದು. ಹಂದಿಯ ಜಾಗಕ್ಕೆ ಸಾಕಿದ ಸಿಗಡಿ ಬಂದಿದೆ, ಅಷ್ಟೇ ವ್ಯತ್ಯಾಸ. ನಮ್ಮ ರಾಜ್ಯದ 320 ಕಿಲೋಮೀಟರ್ ಕರಾವಳಿಯನ್ನು ಎದುರಿಗಿಟ್ಟುಕೊಂಡು, ಅಗತ್ಯ ಬಿದ್ದಾಗ ಮಾತ್ರ ಬೇರೆ ಕಡಲುಗಳ ಕಡೆ ನೋಡುತ್ತ, ನಾನು ಹೇಳಬೇಕೆಂದಿರುವುದು ಇಷ್ಟು. ನಮ್ಮ ಹಿರಿಯರ ಕಾಲದಲ್ಲಿ ಕಡಲು ತುಂಬಿತ್ತು ಎನ್ನುತ್ತೇವೆ. ಅದಕ್ಕೆ ಅವರ ಸಂಯಮವೊಂದೇ ಕಾರಣವಲ್ಲ. ಮೀನಿಗೆ ಅಡಗಲು ಮರೆಗಳಿದ್ದವು: ಮಳೆಗಾಲ, ಆಳ, ದೂರ, ಕತ್ತಲು. ಹಿಡಿದದ್ದು ಮಾರಿಹೋಗದಿದ್ದರೆ ಕೊಳೆಯುತ್ತದೆ ಎಂಬುದೂ ಒಂದು ಮರೆಯೇ ಆಗಿತ್ತು. ನಮ್ಮ ಕೈ ತಲುಪದ ಜಾಗದಲ್ಲಿ ಮೀನು ಉಳಿಯುತ್ತಿತ್ತು, ಬೆಳೆಯುತ್ತಿತ್ತು, ಮೊಟ್ಟೆಯಿಡುತ್ತಿತ್ತು. ಕಳೆದ ಆರೇಳು ದಶಕಗಳಲ್ಲಿ ನಾವು ಈ ಮರೆಗಳನ್ನು ಒಂದೊಂದಾಗಿ ತೆಗೆದುಹಾಕಿದ್ದೇವೆ, ಒಂದನ್ನು ಬಿಟ್ಟರೆ ಅವುಗಳ ಜಾಗದಲ್ಲಿ ಬೇರೇನನ್ನೂ ನಿಲ್ಲಿಸಿಲ್ಲ.

ಮೊದಲು ಒಂದು ಮೀನಿನ ಕಥೆ ಕೇಳಿ. ಮಂಗಳೂರು, ಉಡುಪಿಯವರು ಬೂತಾಯಿ ಎನ್ನುವುದನ್ನು ನಮ್ಮ ಕುಂದಾಪುರದ ಕಡೆ ಬೈಗೆ ಎನ್ನುತ್ತೇವೆ. ಉತ್ತರ ಕನ್ನಡಕ್ಕೆ ಹೋದರೆ ಅದು ತಾರ್ಲೆ. ಬಡವರ ಮನೆಯ ಅನ್ನಕ್ಕೆ ಸಾರು ಕೊಟ್ಟ ಮೀನು ಅದು. ಅದರ ಆಯುಸ್ಸು ಎರಡು, ಎರಡೂವರೆ ವರ್ಷ. ಒಂದು ವರ್ಷದ ಹೊತ್ತಿಗೆ ಸುಮಾರು 15 ಸೆಂಟಿಮೀಟರ್ ಉದ್ದ ಬೆಳೆದು ಮೊದಲ ಸಲ ಮೊಟ್ಟೆಯಿಡುತ್ತದೆ, ಅದೂ ಮುಖ್ಯವಾಗಿ ಜೂನ್‌ನಿಂದ ಆಗಸ್ಟ್‌ವರೆಗೆ, ಮಳೆ ಹೊಡೆಯುವ ಕಾಲದಲ್ಲಿ. ಏಕೆ ಆಗಲೇ ಎಂಬುದಕ್ಕೆ ಉತ್ತರ ನೀರಿನಲ್ಲಿದೆ. ಮುಂಗಾರಿನ ಗಾಳಿ ಮತ್ತು ಪ್ರವಾಹಗಳು ಮೇಲ್ಪದರದ ಬಿಸಿನೀರನ್ನು ದಡದಿಂದ ಹೊರಗೆ ತಳ್ಳಿದಾಗ ಅಡಿಯ ತಣ್ಣೀರು ಮೇಲೇಳುತ್ತದೆ. ತಳದಲ್ಲಿ ಸೇರಿಕೊಂಡಿದ್ದ ಪೋಷಕಾಂಶಗಳೆಲ್ಲ ಆ ನೀರಿನ ಜತೆ ಬೆಳಕಿಗೆ ಬರುತ್ತವೆ. ಹೊಳೆಗಳು ತಂದ ಮಣ್ಣಿನ ಸಾರವೂ ಅಲ್ಲಿ ಕೂಡುತ್ತದೆ. ಕಣ್ಣಿಗೆ ಕಾಣದ ಪಾಚಿಜೀವಿಗಳು ಕಡಲಿನ ತುಂಬ ಹಬ್ಬುತ್ತವೆ, ಬೂತಾಯಿ ಮರಿ ಅವನ್ನು ತಿಂದು ಕೊಬ್ಬುತ್ತದೆ. ಘಟ್ಟದ ಮೇಲೆ ರೈತ ನಾಟಿ ಮಾಡುವ ಹೊತ್ತಿಗೇ ಕಡಲಿನಲ್ಲಿಯೂ ಒಂದು ಬೆಳೆ ಏಳುತ್ತಿರುತ್ತದೆ.

ಆ ಮೂರು ತಿಂಗಳು ಕಡಲು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ತೂಫಾನಿನ ಅಲೆ ದಾಟಿ ಹೋಗಬಲ್ಲ ದೋಣಿ ನಮ್ಮಲ್ಲಿರಲಿಲ್ಲ. ಮೊಗವೀರರು, ಖಾರ್ವಿಗಳು, ಹರಿಕಂತರು, ಅಂಬಿಗರು ಬಲೆ ನೇಯುತ್ತ, ಹೊಳೆಬಾಯಿಯಲ್ಲಿ ಸಿಕ್ಕಿದ್ದನ್ನು ಹಿಡಿಯುತ್ತ, ಒಣಮೀನು ತಿನ್ನುತ್ತ ಕಾಯುತ್ತಿದ್ದರು. ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿದ ಮೇಲೆ ದೋಣಿ ಇಳಿಯುತ್ತಿತ್ತು. ಪೂಜೆಯ ಅರ್ಥವನ್ನು ನಾನು ಕಿರಿದು ಮಾಡುತ್ತಿಲ್ಲ. ಆದರೆ ಕಡಲು ಮುಚ್ಚಿದ್ದುದು ಗಾಳಿಯಿಂದ, ಪೂಜೆ ನಡೆಯುತ್ತಿದ್ದುದು ಅದು ತೆರೆದಾಗ.

ಸೆಪ್ಟೆಂಬರ್ ಬಂತೆಂದರೆ ರಾಂಪಣಿ ಬಲೆಯ ಕಾಲ. ಇವತ್ತಿನ ವಿದ್ಯಾರ್ಥಿಗಳು ರಾಂಪಣಿಯನ್ನು ಅದರ ಪೂರ್ಣ ಗಾತ್ರದಲ್ಲಿ ನೋಡಿರಲಾರರು. ಚಿಕ್ಕದಾದ ಕೈರಂಪಣಿ ಕೆಲವು ಕಡೆ ಇನ್ನೂ ಇದೆ. ಮೀನಿನ ಹಿಂಡು ದಡಕ್ಕೆ ಹತ್ತಿರ ಬಂದದ್ದನ್ನು ನೀರಿನ ಬಣ್ಣದಿಂದ, ಹಕ್ಕಿಗಳಿಂದ ಗುರುತಿಸಿ ದೊಡ್ಡ ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಡುತ್ತ ಹೋಗುತ್ತಿದ್ದರು. ಎರಡು ತುದಿಯ ಹಗ್ಗ ದಡದಲ್ಲಿರುತ್ತಿತ್ತು. ಎಳೆಯಲು ಊರಿಗೆ ಊರೇ ನಿಲ್ಲುತ್ತಿತ್ತು. ಬಲೆ ಒಬ್ಬನದಲ್ಲ, ತುಂಡುತುಂಡಾಗಿ ಹಲವು ಮನೆಗಳದು. ಪಾಲೂ ಹಾಗೆಯೇ ಹಂಚಿಹೋಗುತ್ತಿತ್ತು. ನನಗೆ ತುಂಬ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ದೊಡ್ಡ ಹಿಂಡು ಸಿಕ್ಕಾಗ ಎಲ್ಲವನ್ನೂ ಒಮ್ಮೆಗೇ ದಡಕ್ಕೆ ಎಳೆಯುತ್ತಿರಲಿಲ್ಲ. ಮೀನನ್ನು ನೀರಿನಲ್ಲಿಯೇ, ಬಲೆಯೊಳಗೆ ಜೀವಂತ ಇರಿಸಿಕೊಂಡು, ಮಾರಾಟವಾಗುವಷ್ಟನ್ನು ದಿನಕ್ಕಿಷ್ಟು ಎಂದು ತೆಗೆಯುತ್ತಿದ್ದರು. ಹಿಡಿಯುವ ಪ್ರಮಾಣವನ್ನು ಸಂತೆ ನಿರ್ಧರಿಸುತ್ತಿತ್ತು. ಉಳಿದದ್ದು ಉಪ್ಪಿಗೆ, ಬಿಸಿಲಿಗೆ, ಕೊನೆಗೆ ತೋಟದ ಗೊಬ್ಬರಕ್ಕೆ.

ಗೊಬ್ಬರ ಎಂದೆ. ರಾಂಪಣಿಯ ಕಾಲವನ್ನು ಸತ್ಯಯುಗ ಮಾಡುವುದು ಬೇಡ ಎಂದೇ ಆ ಮಾತು ಹೇಳಿದ್ದು. 20ನೇ ಶತಮಾನದ ಆರಂಭದಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡ ತೀರದಲ್ಲಿ ಬೂತಾಯಿ ಬೇಯಿಸಿ ಎಣ್ಣೆ ತೆಗೆಯುವ, ಹಿಂಡಿಯನ್ನು ಗೊಬ್ಬರವಾಗಿ ಸಾಗಿಸುವ ಕಾರ್ಖಾನೆಗಳು ಸಾಲುಸಾಲಾಗಿ ಎದ್ದಿದ್ದವು. ಮದ್ರಾಸಿನ ಮೀನುಗಾರಿಕಾ ಅಧಿಕಾರಿ ಜೇಮ್ಸ್ ಹಾರ್ನೆಲ್ ಅವುಗಳ ಬಗ್ಗೆ ಬರೆದಿದ್ದಾನೆ. 1940ರ ದಶಕದಲ್ಲಿ ಬೂತಾಯಿ ಕಾಣೆಯಾದಾಗ, 1943ರಲ್ಲಿ, ಮದ್ರಾಸ್ ಸರಕಾರ ಮರಿ ಹಿಡಿಯುವುದಕ್ಕೆ ನಿರ್ಬಂಧ ಹೇರಿತು. ಜಾರಿ ಮಾಡಲಾಗದೆ ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟಿತು. ಮರಿಮೀನಿನ ಚಿಂತೆ ನಮಗೆ ಹೊಸದಲ್ಲ, ಅದನ್ನು ಅರ್ಧದಲ್ಲಿ ಬಿಡುವ ಅಭ್ಯಾಸವೂ ಹೊಸದಲ್ಲ.

ಸ್ವಾತಂತ್ರ್ಯದ ನಂತರ ಎಂಜಿನ್ ಬಂತು. 1952ರ ಒಪ್ಪಂದದಂತೆ ಕೇರಳದ ಕೊಲ್ಲಂ ಬಳಿ ಇಂಡೋ-ನಾರ್ವೇಜಿಯನ್ ಯೋಜನೆ ಆರಂಭವಾಯಿತು. ಹಸಿದ ದೇಶಕ್ಕೆ ಹೆಚ್ಚು ಮೀನು, ಬಡ ಮೀನುಗಾರನಿಗೆ ಹೆಚ್ಚು ಆದಾಯ, ಕಡಲಿನಲ್ಲಿ ಕಡಿಮೆ ಸಾವು, ಉದ್ದೇಶದಲ್ಲಿ ತಪ್ಪಿರಲಿಲ್ಲ. ಟ್ರಾಲ್ ಬೋಟುಗಳು ನಮ್ಮ ತೀರಕ್ಕೂ ಬಂದವು. ಎರಡು ಭಾರದ ಹಲಗೆಗಳು ಬಲೆಯ ಬಾಯಿಯನ್ನು ಅಗಲಿಸಿ ಹಿಡಿಯುತ್ತವೆ. ಅಡಿಯ ಹಗ್ಗಕ್ಕೆ ಕಟ್ಟಿದ ಸರಪಳಿ ನೆಲ ಕೆರೆಯುತ್ತ ಸಿಗಡಿಯನ್ನು ಎಬ್ಬಿಸುತ್ತದೆ. ಸಿಗಡಿಯ ಜತೆ ತೊರಕೆ, ಏಡಿ, ನಕ್ಷತ್ರಮೀನು, ಹೆಸರಿಲ್ಲದ ನೂರು ಜೀವಿಗಳ ಮರಿಗಳು ಬರುತ್ತವೆ. ಅದೇ ನೆಲವನ್ನು ಒಂದು ಬೋಟಿನ ಹಿಂದೆ ಇನ್ನೊಂದು ಉಜ್ಜುತ್ತ ಹೋದರೆ ಅಲ್ಲಿ ಬೇರೂರಿ, ಅಂಟಿಕೊಂಡು ಬದುಕುವ ಯಾವುದಕ್ಕೂ ನೆಲೆಯಿಲ್ಲ. ಆಳ ಎಂಬ ಮರೆ ಹೋದದ್ದು ಹೀಗೆ.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆ ಬಂತು. ಹಿಂಡು ದಡಕ್ಕೆ ಬರುವವರೆಗೆ ಕಾಯಬೇಕಿಲ್ಲ. ಕಡಲಿನ ನಡುವೆಯೇ ಸುತ್ತುವರಿದು, ಬಲೆಯ ಅಡಿಯ ಬಳೆಗಳಲ್ಲಿ ಹಾಯುವ ಹಗ್ಗವನ್ನು ಬಿಗಿದು, ಇಡೀ ಹಿಂಡನ್ನು ಎತ್ತಿಬಿಡಬಹುದು. ದಡದಲ್ಲಿ ಹಗ್ಗ ಹಿಡಿದು ನಿಂತವರಿಗೆ ಮೀನು ಬರಲೇ ಇಲ್ಲ. ರಾಂಪಣಿಯವರು ಪ್ರತಿಭಟಿಸಿದರು, ಜಗಳಗಳಾದವು. ಕೆಲವೇ ವರ್ಷಗಳಲ್ಲಿ ಬಲೆಗಳು ಮಡಚಿಹೋದವು. ಎಳೆಯುತ್ತಿದ್ದವರಲ್ಲಿ ಅನೇಕರು ಸಾಲ ಮಾಡಿ ಪರ್ಸೀನ್ ಬೋಟಿಗೇ ಪಾಲುದಾರರಾದರು, ಕೆಲವರು ಅದರ ಕೂಲಿಗಳಾದರು. ಒಂದು ಊರಿನ ಒಡೆತನದಲ್ಲಿದ್ದ ಬಲೆ ಬ್ಯಾಂಕಿನ ಕಂತಿಗೆ ಒಳಪಟ್ಟಿತು ಎನ್ನುವುದೇ ನನ್ನ ಮಟ್ಟಿಗೆ ಆ ದಶಕದ ದೊಡ್ಡ ಬದಲಾವಣೆ. ಏಕೆಂದರೆ ಮೀನು ಕಡಿಮೆಯಾದ ವರ್ಷ ಊರು ಸುಮ್ಮನಿರಬಲ್ಲದು, ಕಂತು ಸುಮ್ಮನಿರುವುದಿಲ್ಲ.

ಉಳಿದ ಮರೆಗಳು ಬೇಗ ಹೋದವು. ಮಂಜುಗಡ್ಡೆ ದೂರವನ್ನು ಅಳಿಸಿತು, ಬೋಟುಗಳು ಹತ್ತು ದಿನ, ಅದಕ್ಕೂ ಹೆಚ್ಚು ಕಡಲಿನಲ್ಲೇ ಉಳಿಯತೊಡಗಿದವು. ಜಿಪಿಎಸ್ ಬಂದಮೇಲೆ ಒಮ್ಮೆ ಮೀನು ಸಿಕ್ಕ ಕಲ್ಲುಬಂಡೆಯ ಜಾಗ ಮರೆತುಹೋಗುವುದಿಲ್ಲ. ಫಿಶ್ ಫೈಂಡರಿನ ಪರದೆಯ ಮೇಲೆ ಹಿಂಡು ಬಣ್ಣದ ಮೋಡದಂತೆ ಕಾಣುತ್ತದೆ. ಜನರೇಟರಿನಿಂದ ಉರಿಯುವ ಎಲ್‌ಇಡಿ ದೀಪಗಳು ಕತ್ತಲನ್ನೂ ತೆಗೆದವು: ಬೆಳಕಿಗೆ ಸಣ್ಣದು, ದೊಡ್ಡದು, ಬೊಂಡಾಸ, ಬಂಗುಡೆ ಎಲ್ಲವೂ ಬಂದು ಸೇರುತ್ತವೆ, ಸುತ್ತ ಬಲೆ ಬಿಗಿಯುತ್ತದೆ. ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ಈ ಲೈಟ್ ಫಿಶಿಂಗನ್ನೂ ಎರಡು ಬೋಟು ಕೂಡಿ ಒಂದು ಬಲೆ ಎಳೆಯುವ ಬುಲ್ ಟ್ರಾಲನ್ನೂ ನಿಷೇಧಿಸಿತು. ಆಮೇಲೂ ಲೈಟ್ ಫಿಶಿಂಗ್ ವಿರುದ್ಧ ನಾಡದೋಣಿಯವರು ಮನವಿ ಹಿಡಿದು ಕಚೇರಿಗಳಿಗೆ ಅಲೆಯುತ್ತಲೇ ಇದ್ದಾರೆ.

ಇಷ್ಟೆಲ್ಲ ಆದರೂ ಒಂದು ಮರೆ ಉಳಿದಿತ್ತು. ಯಾರೂ ತಿನ್ನದ, ಯಾರೂ ಕೊಳ್ಳದ ಮೀನನ್ನು ಹಿಡಿದು ಪ್ರಯೋಜನವಿರಲಿಲ್ಲ. ಬೆರಳುದ್ದದ ಮದಿಮಾಲ್, ಪಾಂಬೋಲಿನ ಮರಿ, ಏಡಿಯ ಚೂರು ಬಲೆಗೆ ಬಿದ್ದರೆ ಬೋಟು ನಡೆಸುವ ತಾಂಡೇಲನಿಗೆ ಅದೊಂದು ತಲೆನೋವು. ಮತ್ತೆ ಕಡಲಿಗೇ ಎಸೆಯಬೇಕು. ಅದರಲ್ಲಿ ಬಹುಪಾಲು ಸತ್ತಿರುತ್ತಿತ್ತು, ನಿಜ. ಆದರೆ ಅಂಥ ಮೀನು ಹೆಚ್ಚಿರುವ ಜಾಗಕ್ಕೆ ಹೋಗುವುದನ್ನು ಅವನು ತಪ್ಪಿಸುತ್ತಿದ್ದ. ಮೀನನ್ನು ಹುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗಳು ಈ ಲೆಕ್ಕವನ್ನು ತಿರುಗಿಸಿದವು. ಈಗ ಯಾವ ಮರಿಗೂ, ಯಾವ ಚೂರಿಗೂ ಕಿಲೋಕ್ಕೆ ಇಷ್ಟು ಎಂಬ ಬೆಲೆಯಿದೆ. ಒಂದು ಕಿಲೋ ಮೀನುಹುಡಿಗೆ ಸುಮಾರು ನಾಲ್ಕೈದು ಕಿಲೋ ಹಸಿಮೀನು ಬೇಕು. ಹುಡಿ ಸಿಗಡಿಯ ಆಹಾರವಾಗುತ್ತದೆ. ನಮ್ಮ ದೇಶದಲ್ಲಿ ಸಿಗಡಿ ಸಾಕಣೆಗೆ ಆಂಧ್ರವೇ ಮುಂದು, ಆ ಸಿಗಡಿಗೆ ಅಮೆರಿಕವೇ ದೊಡ್ಡ ಗಿರಾಕಿ. ನಮ್ಮ ಕಡಲಿನ ಮರಿಮೀನು ಈ ದಾರಿಯಲ್ಲಿ ಬೇರೊಂದು ಖಂಡದ ತಟ್ಟೆ ಸೇರುತ್ತದೆ. ದಕ್ಕೆಯಲ್ಲಿ ಬುಟ್ಟಿ ಹಿಡಿದು ನಿಂತ ಮೀನು ಮಾರುವ ಹೆಂಗಸು, ಲಾರಿಗಟ್ಟಲೆ ಕೊಳ್ಳುವ ಕಾರ್ಖಾನೆಯ ಎದುರು ಹರಾಜು ಕೂಗಬೇಕು. ಒಣಗಿಸಿ ಮಾರುತ್ತಿದ್ದವರಿಗೆ ಒಣಗಿಸಲು ಮೀನು ಸಿಗುವುದೇ ಕಷ್ಟ. ಮಳೆಗಾಲಕ್ಕೆಂದು ಮನೆಯಲ್ಲಿ ಕಟ್ಟಿಡುತ್ತಿದ್ದ ಪ್ರೋಟೀನನ್ನು ನಾವು ರಫ್ತು ಮಾಡುತ್ತಿದ್ದೇವೆ. ಕಡಲಿಗೆ ನಾವು ಮಾಡಿರುವ ಅನ್ಯಾಯಗಳಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದೇ.

ಮತ್ಸ್ಯಕ್ಷಾಮ ಎಂದು ಪತ್ರಿಕೆಗಳು ಬರೆದಾಗಲೆಲ್ಲ ಒಂದು ವಾದ ಎದುರಾಗುತ್ತದೆ: ಬೂತಾಯಿ ಮೊದಲಿನಿಂದಲೂ ಹೀಗೆಯೇ, ಕೆಲವು ವರ್ಷ ಬರುತ್ತದೆ, ಕೆಲವು ವರ್ಷ ಬರುವುದಿಲ್ಲ. ಇದು ಸುಳ್ಳಲ್ಲ. 1865ರಷ್ಟು ಹಿಂದೆಯೇ ಮಲಬಾರಿನ ಮೀನುಗಳ ಬಗ್ಗೆ ಪುಸ್ತಕ ಬರೆದ ಫ್ರಾನ್ಸಿಸ್ ಡೇ ಈ ಏರಿಳಿತವನ್ನು ಗಮನಿಸಿದ್ದ. ಎಲ್ ನಿನೋ ವರ್ಷಗಳಲ್ಲಿ ನೀರು ಬಿಸಿಯಾಗುತ್ತದೆ, ಮುಂಗಾರು ಬದಲಾಗುತ್ತದೆ, ತಣ್ಣೀರು ಮೇಲೇಳುವುದು ಏರುಪೇರಾಗುತ್ತದೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.99 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಈ ಕುಸಿತವನ್ನೆಲ್ಲ ಬಲೆಯ ತಲೆಗೆ ಕಟ್ಟಲು ವಿಜ್ಞಾನಿಗಳು ಸಿದ್ಧರಿಲ್ಲ, ನಾನೂ ಇಲ್ಲ. ಆದರೆ ಆ ವಾದದಿಂದ ನಾವು ತೆಗೆದುಕೊಳ್ಳುವ ಸಮಾಧಾನ ತಪ್ಪು. ಕಡಲೇ ಕೈಹಿಡಿಯದ ವರ್ಷ ಉಳಿದಿರುವ ತಾಯಿಮೀನು ಎಷ್ಟು ಎಂಬುದರ ಮೇಲೆ ಮುಂದಿನ ಹತ್ತು ವರ್ಷ ನಿಂತಿರುತ್ತದೆ. ಪೆರು ದೇಶದ ಆಂಚೊವೆಟಾ ಎಂಬ ಸಣ್ಣ ಮೀನು 1970ರಲ್ಲಿ 1 ಕೋಟಿ 20 ಲಕ್ಷ ಟನ್ ಮೀರಿ ಸಿಕ್ಕಿತು. ಬಹುಪಾಲು ಫಿಶ್‌ಮೀಲಿಗೇ ಹೋಯಿತು. 1972ರಲ್ಲಿ ಎಲ್ ನಿನೋ ಬಂದಾಗ ಹಿಡಿದು ಹಿಡಿದು ಬಡವಾಗಿದ್ದ ಆ ಸಂತತಿ ಕುಸಿದುಬಿತ್ತು. ಅಲ್ಲಿ ಎಲ್ ನಿನೋ ಹಿಂದೆಯೂ ಬಂದಿತ್ತು, ಮೀನು ಮತ್ತೆ ಚೇತರಿಸಿಕೊಳ್ಳುತ್ತಿತ್ತು.

ಇನ್ನೊಂದು ಮಾತೂ ಕೇಳಿಬರುತ್ತದೆ: ಹೋದ ತಿಂಗಳು ಬೋಟು ತುಂಬ ಮೀನು ಬಂದಿತ್ತಲ್ಲ, ಕ್ಷಾಮವೆಲ್ಲಿ? ಬೇಸಗೆಯಲ್ಲಿ ಕೆರೆ ಬತ್ತುತ್ತ ಬಂದಾಗ ಉಳಿದ ಮೀನೆಲ್ಲ ನಡುವಿನ ಗುಂಡಿಗೆ ಸೇರುವುದನ್ನು ನೀವು ನೋಡಿರುತ್ತೀರಿ. ಆಗ ಬಲೆಯೇ ಬೇಡ, ಕೈಗೇ ಸಿಗುತ್ತದೆ. ಹಿಂಡಾಗಿ ಬದುಕುವ ಮೀನಿನ ಸ್ವಭಾವವೂ ಅಂಥದ್ದೇ. ಸಂಖ್ಯೆ ಕುಗ್ಗಿದರೂ ಉಳಿದವು ಒಟ್ಟಿಗೇ ಇರುತ್ತವೆ, ಆ ಹಿಂಡನ್ನು ಯಂತ್ರ ಹುಡುಕಿಕೊಡುತ್ತದೆ, ಕೊನೆಯ ಹಿಂಡಿನವರೆಗೂ ಬೋಟು ತುಂಬುತ್ತಲೇ ಇರುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಆದದ್ದು ಇದೇ. 1497ರಲ್ಲಿ ಜಾನ್ ಕ್ಯಾಬಟ್ ಹೋದಾಗ ಬುಟ್ಟಿ ಇಳಿಸಿದರೆ ಕಾಡ್ ಮೀನು ಬರುತ್ತಿತ್ತು ಎಂಬ ವರದಿ ಯುರೋಪಿಗೆ ತಲುಪಿತ್ತು. 1883ರಲ್ಲಿ ಲಂಡನ್ನಿನ ಮೀನುಗಾರಿಕಾ ಪ್ರದರ್ಶನದಲ್ಲಿ ಥಾಮಸ್ ಹಕ್ಸ್‌ಲಿಯಂಥ ದೊಡ್ಡ ವಿಜ್ಞಾನಿ, ಕಾಡ್ ಮೀನುಗಾರಿಕೆ ಎಂದೂ ಬರಿದಾಗದು ಎಂದು ಸಾರಿದ್ದ. 1968ರಲ್ಲಿ ನ್ಯೂಫೌಂಡ್‌ಲ್ಯಾಂಡಿನ ಸುತ್ತ 8 ಲಕ್ಷ ಟನ್ ಕಾಡ್ ಎತ್ತಿದರು. 1980ರ ದಶಕದಲ್ಲಿ ದಡದ ಸಣ್ಣ ಮೀನುಗಾರರು, ಮೀನು ಕಿರಿದಾಗುತ್ತಿದೆ, ನಮ್ಮ ಬಲೆಗೆ ಬರುತ್ತಿಲ್ಲ ಎಂದು ಮೊರೆಯಿಟ್ಟರು. ದೊಡ್ಡ ಟ್ರಾಲರುಗಳ ಬಲೆ ತುಂಬುತ್ತಿದ್ದುದರಿಂದ ಅವರ ಮಾತು ಹಿಂದೆ ಬಿತ್ತು. 1992ರ ಜುಲೈ 2ರಂದು ಸರಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷದ ಮಟ್ಟಿಗೆ ಎಂದು ಹೇಳಿದ ನಿಷೇಧ ತೆರವಾದದ್ದು 2024ರಲ್ಲಿ, ಅದೂ 18,000 ಟನ್ನಿನ ಮಿತಿಯೊಂದಿಗೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ 1974ರಲ್ಲಿ ಜಗತ್ತಿನ ಮೀನು ಸಂತತಿಗಳಲ್ಲಿ ಶೇ. 10ರಷ್ಟು ಅತಿಯಾಗಿ ಹಿಡಿಯಲ್ಪಟ್ಟಿದ್ದವು. 2021ರ ಹೊತ್ತಿಗೆ ಅದು ಶೇ. 37.7.

ಯಾರನ್ನು ದೂರೋಣ? ಬೋಟಿನ ಮಾಲೀಕನನ್ನು ಖಳನನ್ನಾಗಿ ಮಾಡುವುದು ಸುಲಭ, ಆದರೆ ಅವನ ಬೋಟಿನ ಮೇಲೆ ಸಾಲವಿದೆ. ಬಲೆ ಎಳೆಯುವ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಊರು ಬಿಟ್ಟು ಬಂದದ್ದು ಹಸಿವಿನಿಂದ. ಮಾರಾಟ ತೆರಿಗೆ ಇಲ್ಲದ ಡೀಸೆಲ್ ಕೊಡುವ ಸರಕಾರಕ್ಕೂ ಮೀನುಗಾರರ ಕಷ್ಟ ಕಾಣುತ್ತದೆ. ಆದರೆ ಅಗ್ಗದ ಡೀಸೆಲ್ ಮಾಡುವ ಕೆಲಸವನ್ನು ನೋಡಬೇಕು: ಮೀನು ಸಾಲದೆ ಯಾನ ನಷ್ಟವಾಗುವಲ್ಲಿಯೂ ಬೋಟು ಇನ್ನೂ ದೂರ, ಇನ್ನೂ ಆಳಕ್ಕೆ ಹೋಗುವಂತೆ ಅದು ಮಾಡುತ್ತದೆ. ಅದೇ ಹಣವನ್ನು ಹಳೆಯ ಬೋಟುಗಳನ್ನು ಕೊಂಡು ಕಡಲಿನಿಂದ ಹಿಂತೆಗೆಯಲು, ರಜೆಯ ತಿಂಗಳಲ್ಲಿ ಮೀನುಗಾರರ ಮನೆಗೆ ಕೂಲಿ ಕೊಡಲು ಬಳಸಬೇಕು ಎನ್ನುವುದು ನನ್ನ ಅಭಿಪ್ರಾಯ. ಬೋಟುಗಳ ಸಂಖ್ಯೆ ಇಳಿಯದೆ ಬೇರೆ ಯಾವ ಕ್ರಮವೂ ಪೂರ್ತಿ ಫಲಿಸಲಾರದು.

ಹೋದ ಮರೆಗಳಲ್ಲಿ ಒಂದನ್ನು ನಾವು ಕಾನೂನಿನಿಂದ ಮರಳಿ ಕಟ್ಟಿದ್ದೇವೆ. ರಾಜ್ಯದಲ್ಲಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಯಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ, 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಈಗ ದಕ್ಕೆಯಲ್ಲಿ ಸಾಲುಗಟ್ಟಿ ನಿಂತ ಬೋಟುಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ಮಳೆಗಾಲ ಮಾಡುತ್ತಿದ್ದ ಕೆಲಸವನ್ನು ಎಲ್ಲರೂ ಒಪ್ಪಿದ ಕಾನೂನು ಮಾಡುತ್ತಿದೆ.

ಮರಿಮೀನಿನ ವಿಷಯದಲ್ಲಿ ಹೀಗಾಗಿಲ್ಲ. ಕೇರಳದ ಬಳಿಕ ಕರ್ನಾಟಕವೂ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ನಿಗದಿ ಮಾಡಿದೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಬೂತಾಯಿಗೆ ಸೂಚಿಸಿದ ಗಾತ್ರ 10 ಸೆಂಟಿಮೀಟರ್. ಮೊದಲ ಮೊಟ್ಟೆಗೆ ಅದು ಸುಮಾರು 15 ಸೆಂಟಿಮೀಟರ್ ಆಗಬೇಕು ಎಂಬುದನ್ನು ನೆನಪಿಸಿಕೊಳ್ಳಿ. ಅಂದರೆ ಈ ಮಿತಿ ಒಂದು ರಾಜಿ, ತೀರ ಕಡಿಮೆಯ ಬೇಡಿಕೆ. ಅದನ್ನಾದರೂ ಪಾಲಿಸಿದರೆ ಲಾಭ ಮೀನುಗಾರನಿಗೇ: ಉದ್ದ 10ರಿಂದ 15 ಸೆಂಟಿಮೀಟರಿಗೆ ಏರಿದರೆ ತೂಕ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಟ್ರಾಲ್ ಬಲೆಯ ತುದಿಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಇರಬೇಕೆಂಬ ನಿಯಮವೂ ಇದೆ. ಸಾವಿರಾರು ಬೋಟುಗಳ ಬಲೆಯನ್ನು ಕಡಲಿನ ನಡುವೆ ಅಳೆಯುವುದು ಯಾವ ಇಲಾಖೆಗೂ ಸಾಧ್ಯವಿಲ್ಲ. ಆದರೆ ಫಿಶ್‌ಮೀಲ್ ಕಾರ್ಖಾನೆಗಳು ಎಣಿಸಿ ಮುಗಿಯುವಷ್ಟೇ ಇವೆ, ಪ್ರತಿಯೊಂದಕ್ಕೂ ಒಂದು ಗೇಟಿದೆ, ತೂಕದ ಸೇತುವೆಯಿದೆ. ಮರಿ ಹಿಡಿದವನಿಗಿಂತ ಮೊದಲು ಕೊಂಡವನನ್ನು ಕೇಳಬೇಕು. ಕೊಳ್ಳುವವರಿಲ್ಲದ ಮರಿಯನ್ನು ಯಾವ ತಾಂಡೇಲನೂ ಮಂಜುಗಡ್ಡೆ ಸುರಿದು ತರುವುದಿಲ್ಲ.

ಇದು ಆಗುವ ಮಾತೇ ಎಂದು ಕೇಳುವವರಿಗೆ, ನಮಗೆ ಎಂಜಿನ್ ತಂದುಕೊಟ್ಟ ನಾರ್ವೆಯನ್ನೇ ತೋರಿಸುತ್ತೇನೆ. ಅಲ್ಲಿಯವರು 1950 ಮತ್ತು 60ರ ದಶಕಗಳಲ್ಲಿ ಸೋನಾರ್ ಮತ್ತು ಪರ್ಸೀನ್ ಬಳಸಿ ತಮ್ಮ ಹೆರಿಂಗ್ ಮೀನನ್ನು, ಅದರ ಮರಿಗಳನ್ನೂ ಸೇರಿಸಿ, ಎಣ್ಣೆ ಮತ್ತು ಮೀನುಹುಡಿಗಾಗಿ ಹಿಡಿದರು. 1970ರ ಸುಮಾರಿಗೆ ಆ ಸಂತತಿ ಬಹುತೇಕ ಮುಗಿದೇಹೋಗಿತ್ತು. ಅವರು ಮರಿ ಹಿಡಿಯುವುದನ್ನು ನಿಲ್ಲಿಸಿದರು, ದೊಡ್ಡದನ್ನೂ ಕಠಿಣ ಮಿತಿಗೆ ಒಳಪಡಿಸಿದರು, ಸುಮಾರು ಎರಡು ದಶಕ ಕಾದರು. 1990ರ ದಶಕದಲ್ಲಿ ಹೆರಿಂಗ್ ಮರಳಿ ಬಂತು. ಅದು ಹೆಚ್ಚು ಕಾಲ ಬದುಕುವ ಮೀನು, ಬೆಳೆಯಲು ವರ್ಷಗಳು ಬೇಕು. ಒಂದೇ ವರ್ಷದಲ್ಲಿ ಮೊಟ್ಟೆಗೆ ಬರುವ ನಮ್ಮ ಬೂತಾಯಿಗೆ ಅಷ್ಟು ಕಾಲ ಬೇಕಾಗಲಿಕ್ಕಿಲ್ಲ.

ಮೀನುಗಾರಿಕೆ ಓದುತ್ತಿರುವ ವಿದ್ಯಾರ್ಥಿಗಳು ಇಲ್ಲಿದ್ದೀರಿ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ನಮ್ಮ ಮಂಗಳೂರಿನಲ್ಲೇ. ಬರುವ ಆಗಸ್ಟ್ 1ರಂದು ಬೋಟುಗಳು ಇಳಿಯುತ್ತವೆ. ಮರಿ ಹೆಚ್ಚು ಬೀಳುವುದು ಆಮೇಲಿನ ಎರಡು ಮೂರು ತಿಂಗಳಲ್ಲಿ. ಆ ಅವಧಿಯಲ್ಲಿ ಕಾರ್ಖಾನೆಗಳಿಗೆ ಬರುವ ಮೀನಿನ ಉದ್ದವನ್ನು ದಿನವೂ ಅಳೆದು, ಅದನ್ನು ದಕ್ಕೆಯ ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯುವ ವ್ಯವಸ್ಥೆಯೊಂದನ್ನು ಇಲಾಖೆ, ಕಾಲೇಜು ಮತ್ತು ಮೀನುಗಾರರ ಸಂಘಗಳು ಕೂಡಿ ಮಾಡಲಿ. ಅಳತೆಪಟ್ಟಿ ಹಿಡಿಯುವ ಕೆಲಸಕ್ಕೆ ನೀವು ಮುಂದೆ ಬನ್ನಿ. ಹರಾಜು ಕೂಗುವ ಹೆಂಗಸರನ್ನು ಜತೆಗೆ ಕರೆದುಕೊಳ್ಳಿ. ಮೀನಿನ ಗಾತ್ರ ಯಾವ ವರ್ಷದಿಂದ ಕಿರಿದಾಗುತ್ತ ಬಂತು ಎಂಬುದು ಅವರಿಗೆ ಗೊತ್ತು.